ವರ್ಚುವಲ್ ನೆಟ್‌ವರ್ಕ್ ಡ್ರೈವರ್ ಕೈಕೊಟ್ಟಾಗ: ಲಿನಕ್ಸ್ ಬಳಕೆದಾರರಿಗೆ ಹಂತ ಹಂತದ ಮಾರ್ಗದರ್ಶಿ

ಮಳೆಗಾಲ ಶುರುವಾದರೆ ಸಾಕು, ಕಾಸರಗೋಡಿನ ಓದುಗರಿಂದ ವಿಪಿಎನ್ ಬಗ್ಗೆ, ಅಂದರೆ ಇಂಟರ್‌ನೆಟ್ ಮೂಲಕವೇ ಕಚೇರಿಯ ಒಳಜಾಲಕ್ಕೆ ಹೋಗುವ ಗೂಢಲಿಪಿಯ ಸುರಂಗದ ಬಗ್ಗೆ, ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರತೊಡಗುತ್ತದೆ. "ನಿನ್ನೆ ಸಂಜೆಯವರೆಗೂ ವಿಪಿಎನ್ ಸರಿಯಾಗಿಯೇ ಇತ್ತು. ರಾತ್ರಿ ಸಿಡಿಲಿಗೆ ಕರೆಂಟ್ ಹೋಗಿ ಬಂತು. ಬೆಳಿಗ್ಗೆಯಿಂದ ಸಂಪರ್ಕ ಸಿಗುತ್ತಿಲ್ಲ. ಇಂಟರ್‌ನೆಟ್ ಮಾತ್ರ ಚೆನ್ನಾಗಿಯೇ ಇದೆ. ಎಲ್ಲವನ್ನೂ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಬೇಕೇ?" ಹೀಗೆ ಕೇಳುವವರಲ್ಲಿ ಕುಂಬಳೆ, ಬದಿಯಡ್ಕದ ಕಡೆಯ ಶಾಲೆಗಳ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವ ಅಧ್ಯಾಪಕರಿದ್ದಾರೆ, ಸಹಕಾರಿ ಸಂಘಗಳ ಸಿಬ್ಬಂದಿ ಇದ್ದಾರೆ, ಮಂಜೇಶ್ವರ, ಉಪ್ಪಳದ ಮನೆಯಲ್ಲಿ ಕುಳಿತು ಮಂಗಳೂರು, ಬೆಂಗಳೂರಿನ ಕಚೇರಿಗಳಿಗೆ ಕೆಲಸ ಮಾಡುವವರೂ ಇದ್ದಾರೆ. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿರುವುದರಿಂದ ಇಲ್ಲಿ ಲಿನಕ್ಸ್ ಬಳಸುವವರ ಸಂಖ್ಯೆ ದೊಡ್ಡದು. ಆದರೆ ಅದರ ಒಳಗಿನ ದೋಷವನ್ನು ಹುಡುಕುವ ಕ್ರಮವನ್ನು ಕನ್ನಡದಲ್ಲಿ ವಿವರಿಸಿದ ಬರಹಗಳು ಕಡಿಮೆ. ಅದಕ್ಕಾಗಿಯೇ ಈ ಲೇಖನ.

ಮರಳಿ ಇನ್‌ಸ್ಟಾಲ್ ಮಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಬೇಡ, ಈಗಲೇ ಬೇಡ. ವಿಪಿಎನ್ ನಿಂತಿರುವ ವರ್ಚುವಲ್ ನೆಟ್‌ವರ್ಕ್ ಎಂಬುದು ಒಂದರ ಮೇಲೊಂದು ನಿಂತ ಕೆಲವು ಪದರಗಳು. ದೋಷ ಯಾವ ಪದರದಲ್ಲಿದೆ ಎಂದು ಗೊತ್ತಾಗುವ ಮೊದಲೇ ತಂತ್ರಾಂಶವನ್ನು ಕಿತ್ತು ಹಾಕಿದರೆ ದೋಷವಂತೂ ಉಳಿಯುತ್ತದೆ, ಅದನ್ನು ಗುರುತಿಸಲು ಬೇಕಾಗಿದ್ದ ದಾಖಲೆಗಳು ಮಾತ್ರ ಅಳಿದುಹೋಗುತ್ತವೆ. ಅಡಿಯ ಪದರದಿಂದ ಮೇಲಕ್ಕೆ ಒಂದೊಂದನ್ನೇ ಪರೀಕ್ಷಿಸಿ, ಸರಿ ಇದೆ ಎಂದು ಖಚಿತವಾದ ಮೇಲೆ ಮುಂದಿನದಕ್ಕೆ ಹೋಗುವುದೇ ಸರಿಯಾದ ದಾರಿ.

ಈ ಡ್ರೈವರ್ ಮಾಡುವ ಕೆಲಸವೇನು?

ಸಾಮಾನ್ಯ ನೆಟ್‌ವರ್ಕ್ ಕಾರ್ಡಿನ ಒಂದು ತುದಿಯಲ್ಲಿ ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಇರುತ್ತದೆ. ಇನ್ನೊಂದು ತುದಿಯಲ್ಲಿ ಕೇಬಲ್ ಇರುತ್ತದೆ. ವರ್ಚುವಲ್ ಕಾರ್ಡಿನಲ್ಲಿ ಕೇಬಲ್ ಇರುವ ಜಾಗದಲ್ಲಿ ಒಂದು ಪ್ರೋಗ್ರಾಂ ಕುಳಿತಿರುತ್ತದೆ. ಕರ್ನಲ್ ಕಳುಹಿಸಿದ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ತುಣುಕನ್ನು, ಆ ಪ್ರೋಗ್ರಾಂ ಓದಿ, ಗೂಢಲಿಪಿಗೆ ತಿರುಗಿಸಿ, ನಿಜವಾದ ಇಂಟರ್‌ನೆಟ್ ಮೂಲಕ ಆಚೆಯ ಸರ್ವರಿಗೆ ರವಾನಿಸುತ್ತದೆ. ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶ ಸಾಮಾನ್ಯವಾಗಿ ಕೆಲಸ ಮಾಡುವುದು ಹೀಗೆ. ಇದಕ್ಕೆ ನೆರವಾಗುವ ಡ್ರೈವರಿಗೆ ಟನ್-ಟ್ಯಾಪ್ ಎಂದು ಹೆಸರು. ಟನ್ ಎಂಬುದು ಐಪಿ ಪ್ಯಾಕೆಟ್‌ಗಳನ್ನು ಮಾತ್ರ ಸಾಗಿಸುತ್ತದೆ. ಟ್ಯಾಪ್ ಎಂಬುದು ಇಡೀ ಈಥರ್‌ನೆಟ್ ಚೌಕಟ್ಟನ್ನೇ ಸಾಗಿಸುತ್ತದೆ. ಆದ್ದರಿಂದ ವರ್ಚುವಲ್ ಯಂತ್ರಗಳನ್ನು, ಅಂದರೆ ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರುಗಳನ್ನು, ಜೋಡಿಸಲು ಅದು ಹೆಚ್ಚು ಬಳಕೆಯಾಗುತ್ತದೆ. ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್ ತಂತ್ರಾಂಶದ ರೀತಿ ಬೇರೆ: 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್ಲಿನ ಒಳಗೇ ಸೇರಿದೆ, ಅದಕ್ಕೆ ಟನ್ ಬೇಕಿಲ್ಲ. ವರ್ಚುವಲ್ ಯಂತ್ರಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್ ತನ್ನದೇ ಆದ ಹೊರಗಿನ ಡ್ರೈವರ್‌ಗಳನ್ನು ತಂದುಕೊಳ್ಳುತ್ತದೆ. ನಿಮ್ಮ ತಂತ್ರಾಂಶ ಈ ಮೂರರಲ್ಲಿ ಯಾವ ಬಗೆಯದು ಎಂದು ಮೊದಲೇ ತಿಳಿದುಕೊಂಡರೆ ಮುಂದಿನ ಅರ್ಧ ಹುಡುಕಾಟ ತಪ್ಪುತ್ತದೆ.

ಆರಂಭಿಸುವ ಮೊದಲು

ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ಸುಡೊ ಎಂಬ ನಿರ್ವಾಹಕ ಅಧಿಕಾರವಿರುವ ಖಾತೆ ಮತ್ತು ನೀವು ಬರೆದ ಆಜ್ಞೆ, ಬಂದ ಉತ್ತರ ಎರಡನ್ನೂ ಗುರುತು ಹಾಕಿಕೊಳ್ಳಲು ಒಂದು ಕಡತ, ಇಷ್ಟು ಸಾಕು. ಈ ಲೇಖನದಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಬೇಕು. ದೊಡ್ಡಕ್ಷರ ಬೇಕಾದಲ್ಲಿ ಅದನ್ನು ಹೇಳಿದ್ದೇನೆ. ಟನ್ ಎಂಬುದನ್ನು ಟಿ, ಯು, ಎನ್ ಎಂಬ ಮೂರೇ ಅಕ್ಷರಗಳಲ್ಲಿ ಬರೆಯಿರಿ.

ಒಂದು ಎಚ್ಚರಿಕೆ ಇಲ್ಲಿಯೇ ಇರಲಿ. ನೀವು ಸರಿಪಡಿಸುತ್ತಿರುವ ಯಂತ್ರ ದೂರದಲ್ಲಿದ್ದು, ಅದೇ ವಿಪಿಎನ್ ಮೂಲಕ ಅದರೊಳಗೆ ಹೋಗಿದ್ದರೆ, ಆ ಇಂಟರ್‌ಫೇಸನ್ನು, ಅಂದರೆ ವಿಪಿಎನ್ ಬಳಸುವ ವರ್ಚುವಲ್ ಕಾರ್ಡನ್ನು, ಇಳಿಸುವ ಯಾವ ಆಜ್ಞೆಯನ್ನೂ ಕೊಡಬೇಡಿ. ಕೊಟ್ಟ ಕ್ಷಣದಲ್ಲೇ ನೀವು ಹೊರಗಾಗುತ್ತೀರಿ. ಆ ಯಂತ್ರದ ಎದುರು ಯಾರಾದರೂ ಹೋಗಿ ಕುಳಿತುಕೊಳ್ಳುವವರೆಗೆ ಬೇರೆ ದಾರಿ ಇರುವುದಿಲ್ಲ.

ಹಂತ 1: ಗಡಿಯಾರ ಮತ್ತು ದಾಖಲೆ

ಡ್ರೈವರಿನ ಮಾತಿಗೆ ಗಡಿಯಾರವೇಕೆ ಎಂದು ಅನ್ನಿಸಬಹುದು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗ ಕಂಪ್ಯೂಟರಿನ ಕಾಲ ಹಿಂದಕ್ಕೆ ಹೋಗುತ್ತದೆ. ಆಗ ಓಪನ್‌ವಿಪಿಎನ್ ಸರ್ವರಿನ ಪ್ರಮಾಣಪತ್ರವನ್ನು "ಇನ್ನೂ ಜಾರಿಗೆ ಬಂದಿಲ್ಲ" ಎಂದು ತಿರಸ್ಕರಿಸುತ್ತದೆ. ವೈರ್‌ಗಾರ್ಡ್‌ನಲ್ಲಿ ಇದು ಇನ್ನೂ ಕಣ್ಣಿಗೆ ಬೀಳದ ದೋಷ. ಹಳೆಯ ಸಂದೇಶವನ್ನು ಕದ್ದು ಮತ್ತೆ ಕಳುಹಿಸುವವರನ್ನು ತಡೆಯಲು, ಅದು ತನ್ನ ಮೊದಲ ಕೈಕುಲುಕಿನ, ಅಂದರೆ ಸಂಪರ್ಕ ಆರಂಭಿಸುವ ಹ್ಯಾಂಡ್‌ಶೇಕಿನ, ಸಂದೇಶದಲ್ಲಿ ಸಮಯದ ಮುದ್ರೆ ಇಡುತ್ತದೆ. ಹಿಂದೊಮ್ಮೆ ಕಂಡ ಮುದ್ರೆಗಿಂತ ಹಿಂದಿನದು ಬಂದರೆ ಸರ್ವರ್ ಮೌನವಾಗಿ ಅದನ್ನು ಎಸೆದುಬಿಡುತ್ತದೆ. ನಿಮ್ಮ ಕಡೆ ಯಾವ ದೋಷಸಂದೇಶವೂ ಕಾಣುವುದಿಲ್ಲ. ಆದ್ದರಿಂದ ಮೊದಲ ಆಜ್ಞೆ ಇದು:

ಟೈಮ್‌ಡೇಟ್‌ಸಿಟಿಎಲ್

ದಿನಾಂಕ, ವರ್ಷ ಎರಡನ್ನೂ ಓದಿ. ತಪ್ಪಿದ್ದರೆ ಇಂಟರ್‌ನೆಟ್ ಇರುವಾಗ "ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ" ಎಂದು ಕೊಟ್ಟು, ಕಾಲ ಸರಿಯಾದ ಮೇಲೆ ವಿಪಿಎನ್ ಮತ್ತೆ ಪ್ರಯತ್ನಿಸಿ. ಸರಿಹೋದರೆ ನಿಮಗೆ ಬೇಕಾದದ್ದು ಹೊಸ ಸಿಆರ್2032 ಬ್ಯಾಟರಿ.

ಕಾಲ ಸರಿಯಿದ್ದರೆ ದಾಖಲೆಗೆ ಬನ್ನಿ. "ಸುಡೊ ಜರ್ನಲ್‌ಸಿಟಿಎಲ್ -ಬಿ" ಎಂದರೆ ಈ ಬಾರಿ ಯಂತ್ರ ಆನ್ ಆದಂದಿನಿಂದ ಬರೆದ ದಾಖಲೆ ಪೂರ್ತಿ ಬರುತ್ತದೆ. ಅದರಲ್ಲಿ ನಿಮ್ಮ ವಿಪಿಎನ್ ತಂತ್ರಾಂಶದ ಹೆಸರನ್ನು ಹುಡುಕಿ, ಮೊದಲು ಕಂಡ ದೋಷದ ಸಾಲನ್ನು ಅಕ್ಷರಶಃ ಎತ್ತಿಕೊಳ್ಳಿ. ಕೊನೆಯ ಸಾಲು ಹೆಚ್ಚಾಗಿ "ಸೋತೆ, ನಿಲ್ಲಿಸುತ್ತಿದ್ದೇನೆ" ಎಂಬುದಷ್ಟೇ ಆಗಿರುತ್ತದೆ. ಕಾರಣ ಅದಕ್ಕಿಂತ ಕೆಲವು ಸಾಲು ಮೇಲಿರುತ್ತದೆ.

ಹಂತ 2: ಕರ್ನಲ್ ಮತ್ತು ಮಾಡ್ಯೂಲ್ ಒಂದಕ್ಕೊಂದು ಹೊಂದುತ್ತಿವೆಯೇ?

"ಕರೆಂಟ್ ಹೋಗಿ ಬಂದ ಮೇಲೆ ಕೆಟ್ಟಿತು" ಎಂಬ ದೂರುಗಳಲ್ಲಿ ಹೆಚ್ಚಿನವುಗಳ ಕಾರಣ ಈ ಹಂತದಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ. ಕರೆಂಟ್ ಯಾವುದನ್ನೂ ಸುಟ್ಟಿರುವುದಿಲ್ಲ. ಉಬುಂಟುವಿನಂಥ ವ್ಯವಸ್ಥೆಗಳು ಭದ್ರತೆಯ ಪರಿಷ್ಕರಣೆಗಳನ್ನು ಹಿನ್ನೆಲೆಯಲ್ಲಿ ತಾವೇ ಇಳಿಸಿ ಸ್ಥಾಪಿಸುತ್ತವೆ. ಹೊಸ ಕರ್ನಲ್ ಕೂಡ ಹಾಗೆಯೇ ಬಂದು ಕುಳಿತಿರುತ್ತದೆ, ಆದರೆ ಯಂತ್ರವನ್ನು ಮತ್ತೆ ಆರಂಭಿಸುವವರೆಗೆ ಹಳೆಯದೇ ಓಡುತ್ತಿರುತ್ತದೆ. ವಾರಗಟ್ಟಲೆ ಆಫ್ ಮಾಡದ ಯಂತ್ರ ಕರೆಂಟ್ ಹೋಗಿ ಬಂದಾಗ ಮೊದಲ ಬಾರಿಗೆ ಹೊಸ ಕರ್ನಲ್ಲಿನಲ್ಲಿ ಏಳುತ್ತದೆ. ಹಳೆಯ ಕರ್ನಲ್ಲಿಗಾಗಿ ಕಟ್ಟಿದ್ದ ಹೊರಗಿನ ಡ್ರೈವರ್ ಅಲ್ಲಿ ಇರುವುದಿಲ್ಲ.

ಮೊದಲು "ಯುನೇಮ್ -ಆರ್" ಎಂದು ಕೊಟ್ಟು ಈಗ ಓಡುತ್ತಿರುವ ಕರ್ನಲ್ಲಿನ ಆವೃತ್ತಿಯನ್ನು ಬರೆದುಕೊಳ್ಳಿ. ನಂತರ /ವಾರ್/ಲಾಗ್/ಆಪ್ಟ್ ಕೋಶದ ಹಿಸ್ಟರಿ.ಲಾಗ್ ಎಂಬ ಕಡತವನ್ನು ತೆರೆದು ಇತ್ತೀಚೆಗೆ ಹೊಸ ಕರ್ನಲ್ ಬಂದಿದೆಯೇ ನೋಡಿ. ಆಮೇಲೆ:

ಸುಡೊ ಮಾಡ್‌ಪ್ರೋಬ್ ಟನ್

ಮಾಡ್ಯೂಲ್ ಎಂದರೆ ಬೇಕಾದಾಗ ಕರ್ನಲ್ಲಿಗೆ ಸೇರಿಸಬಹುದಾದ ಡ್ರೈವರ್ ತುಣುಕು. ಈ ಆಜ್ಞೆ ಅದನ್ನು ಸೇರಿಸುತ್ತದೆ. ಯಾವ ಉತ್ತರವೂ ಬಾರದೆ ಮುಂದಿನ ಸಾಲು ಬಂದರೆ ಎಲ್ಲವೂ ಸರಿ ಎಂದರ್ಥ.

ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. "ಎಲ್‌ಎಸ್‌ಮಾಡ್" ಆಜ್ಞೆ ಕೊಟ್ಟು, ಪಟ್ಟಿಯಲ್ಲಿ ಟನ್ ಇಲ್ಲವೆಂದು ನೋಡಿ, ಡ್ರೈವರೇ ಇಲ್ಲವೆಂದು ತೀರ್ಮಾನಿಸುತ್ತಾರೆ. ಲಿನಕ್ಸಿನ ಕೆಲವು ವಿತರಣೆಗಳಲ್ಲಿ, ಅಂದರೆ ಬೇರೆ ಬೇರೆ ತಂಡಗಳು ಸಿದ್ಧಪಡಿಸಿದ ರೂಪಗಳಲ್ಲಿ, ಟನ್ ಬೇರೆ ಮಾಡ್ಯೂಲ್ ಆಗಿರದೆ ಕರ್ನಲ್ಲಿನ ಒಡಲಿನಲ್ಲೇ ಸೇರಿರುತ್ತದೆ. ಅಂಥದು ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಎಂದಿಗೂ ಕಾಣುವುದಿಲ್ಲ. /ಲಿಬ್/ಮಾಡ್ಯೂಲ್ಸ್ ಎಂಬಲ್ಲಿ ನಿಮ್ಮ ಕರ್ನಲ್ ಆವೃತ್ತಿಯ ಹೆಸರಿನ ಕೋಶದೊಳಗೆ ಮಾಡ್ಯೂಲ್ಸ್.ಬಿಲ್ಟಿನ್ ಎಂಬ ಕಡತವಿದೆ. ಅದರಲ್ಲಿ ಟನ್ ಹೆಸರಿದ್ದರೆ ನಿಶ್ಚಿಂತೆಯಿಂದ ಮುಂದಿನ ಹಂತಕ್ಕೆ ಹೋಗಿ.

ಮಾಡ್‌ಪ್ರೋಬ್ ದೋಷ ಹೇಳಿದರೆ ಅದರ ಮಾತನ್ನು ಹೀಗೆ ಅರ್ಥ ಮಾಡಿಕೊಳ್ಳಬೇಕು:

"ಮಾಡ್ಯೂಲ್ ಟನ್ ನಾಟ್ ಫೌಂಡ್" ಎಂದರೆ ಈಗ ಓಡುತ್ತಿರುವ ಕರ್ನಲ್ಲಿನ ಕೋಶದಲ್ಲಿ ಆ ಡ್ರೈವರ್ ಇಲ್ಲ. ಆರ್ಚ್‌ನಂಥ ವಿತರಣೆಗಳಲ್ಲಿ ಕರ್ನಲ್ ಪರಿಷ್ಕರಿಸಿ ಯಂತ್ರವನ್ನು ಮತ್ತೆ ಆರಂಭಿಸದಿದ್ದರೆ ಹಳೆಯ ಕೋಶ ಅಳಿದು ಹೋಗಿರುತ್ತದೆ. ಒಮ್ಮೆ ರೀಬೂಟ್ ಮಾಡಿದರೆ ಸರಿಯಾಗುತ್ತದೆ.

"ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಅಥವಾ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಎಂದರೆ ಬೇರೊಂದು ಕರ್ನಲ್ಲಿಗಾಗಿ ಕಟ್ಟಿದ ಡ್ರೈವರನ್ನು ಸೇರಿಸಲು ಹೊರಟಿದ್ದೀರಿ.

"ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್", ಹಳೆಯ ಕರ್ನಲ್ಲುಗಳಲ್ಲಿ "ರಿಕ್ವೈರ್ಡ್ ಕೀ ನಾಟ್ ಅವೈಲಬಲ್", ಎಂದರೆ ಸೆಕ್ಯೂರ್ ಬೂಟ್ ಅಡ್ಡ ಬಂದಿದೆ. ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದಿರುವ ಭದ್ರತಾ ವ್ಯವಸ್ಥೆ ಅದು. ವಿತರಣೆಯವರೇ ಕೊಡುವ ಟನ್, ವೈರ್‌ಗಾರ್ಡ್ ಡ್ರೈವರ್‌ಗಳಿಗೆ ಸಹಿ ಇರುತ್ತದೆ. ವರ್ಚುವಲ್‌ಬಾಕ್ಸಿನಂತೆ ನಿಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವ ಡ್ರೈವರಿಗೆ ನೀವೇ ಸಹಿಯ ಕೀಲಿಯನ್ನು ನೋಂದಾಯಿಸಬೇಕು.

ಹೊರಗಿನ ಡ್ರೈವರ್ ಬಳಸುವವರು "ಡಿಕೆಎಂಎಸ್ ಸ್ಟೇಟಸ್" ನೋಡಲೇಬೇಕು. ಡಿಕೆಎಂಎಸ್ ಎಂಬುದು ಹೊಸ ಕರ್ನಲ್ ಬಂದಾಗಲೆಲ್ಲ ಹೊರಗಿನ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟುವ ವ್ಯವಸ್ಥೆ. ನಿಮ್ಮ ಈಗಿನ ಕರ್ನಲ್ ಆವೃತ್ತಿಯ ಎದುರು "ಇನ್‌ಸ್ಟಾಲ್ಡ್" ಎಂದಿರಬೇಕು. ಬರಿಯ "ಆ್ಯಡೆಡ್" ಎಂದಿದ್ದರೆ ಕಟ್ಟುವ ಕೆಲಸ ನಡೆದಿಲ್ಲ. ಇದಕ್ಕೆ ಅತಿ ಸಾಮಾನ್ಯ ಕಾರಣ ಆ ಕರ್ನಲ್ಲಿನ ಹೆಡರ್ ಕಡತಗಳು, ಅಂದರೆ ಡ್ರೈವರ್ ಕಟ್ಟಲು ಬೇಕಾದ ವಿವರಗಳ ಕಡತಗಳು, ಇಲ್ಲದಿರುವುದು. ಉಬುಂಟುವಿನಲ್ಲಿ "ಲಿನಕ್ಸ್-ಹೆಡರ್ಸ್-ಜೆನೆರಿಕ್" ಎಂಬ ಪ್ಯಾಕೇಜು ಹಾಕಿದ್ದರೆ ಸಾಮಾನ್ಯ ಕರ್ನಲ್ ಬದಲಾದಂತೆ ಹೆಡರುಗಳೂ ತಾವಾಗಿ ಬರುತ್ತವೆ. ಒಂದೇ ಆವೃತ್ತಿಯ ಹೆಡರನ್ನು ಹೆಸರಿಸಿ ಹಾಕಿದ್ದವರಿಗೆ ಮುಂದಿನ ಪರಿಷ್ಕರಣೆಯಲ್ಲಿ ಇದೇ ತೊಂದರೆ ಮರುಕಳಿಸುತ್ತದೆ. ಹೆಡರ್ ಹಾಕಿದ ಮೇಲೆ "ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್" ಎಂದು ಕೊಡಿ. ಆಗಲೂ ಕಟ್ಟಲಾಗದಿದ್ದರೆ /ವಾರ್/ಲಿಬ್/ಡಿಕೆಎಂಎಸ್ ಒಳಗೆ ಆ ಡ್ರೈವರಿನ ಕೋಶದಲ್ಲಿ ಮೇಕ್.ಲಾಗ್ ಎಂಬ ಕಡತ ಸಿಗುತ್ತದೆ. ಅದರಲ್ಲಿ "ಎರರ್" ಎಂಬ ಪದ ಮೊದಲು ಬರುವ ಸಾಲನ್ನು ನೋಡಿ.

ಸೆಕ್ಯೂರ್ ಬೂಟ್ ಆನ್ ಇದೆಯೇ ಎಂದು "ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಹೇಳುತ್ತದೆ. ಆನ್ ಇದ್ದರೆ ಉಬುಂಟುವಿನಲ್ಲಿ "ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ" ಎಂದು ಕೊಟ್ಟು, ಕೇಳಿದ ಗುಪ್ತಪದವನ್ನು ಹಾಕಿ ರೀಬೂಟ್ ಮಾಡಿ. ಯಂತ್ರ ಏಳುವಾಗ ನೀಲಿ ಪರದೆಯೊಂದು ಬರುತ್ತದೆ. ಯಾವುದಾದರೂ ಕೀಲಿ ಒತ್ತಲು ಅದು ಕೊಡುವುದು ಕೆಲವೇ ಸೆಕೆಂಡು. ಬೂಟ್ ಆಗಲಿ ಎಂದು ಬಿಟ್ಟು ಎದ್ದು ಹೋದರೆ ಆ ಪರದೆ ತಾನಾಗಿ ಮಾಯವಾಗಿ, ನೋಂದಣಿ ಆಗದೆ ಉಳಿಯುತ್ತದೆ. ಕುಳಿತಿದ್ದು, ಕೀಲಿ ಒತ್ತಿ, "ಎನ್‌ರೋಲ್ ಮೋಕ್" ಆಯ್ದು, ಅದೇ ಗುಪ್ತಪದ ಕೊಡಿ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಹಲವು ಕಡೆ ಸಿಗುತ್ತದೆ. ಸಂಘದ ಅಥವಾ ಶಾಲೆಯ ಯಂತ್ರಗಳಿಗೆ ನಾನು ಅದನ್ನು ಹೇಳಲಾರೆ. ನೋಂದಣಿ ಒಮ್ಮೆ ಮಾಡಿದರೆ ಸಾಕು, ಭದ್ರತೆಯನ್ನು ಕೈಬಿಡಬೇಕಾದ ಅಗತ್ಯವಿಲ್ಲ.

ತುರ್ತು ಕೆಲಸವಿದ್ದು ಇದಕ್ಕೆಲ್ಲ ಪುರುಸೊತ್ತು ಇಲ್ಲದಿದ್ದರೆ, ಬೂಟ್ ಆಗುವಾಗ ಬರುವ ಗ್ರಬ್ ಎಂಬ ಆಯ್ಕೆಯ ಪಟ್ಟಿಯಲ್ಲಿ "ಅಡ್ವಾನ್ಸ್‌ಡ್ ಆಪ್ಷನ್ಸ್" ಒಳಗೆ ಹೋಗಿ ಹಿಂದಿನ ಕರ್ನಲ್ಲನ್ನು ಆಯ್ದುಕೊಳ್ಳಿ. ಆ ದಿನದ ಕೆಲಸ ನಡೆಯುತ್ತದೆ. ದುರಸ್ತಿಯನ್ನು ಬಿಡುವಾದಾಗ ಮಾಡಬಹುದು.

ಹಂತ 3: ಸಾಧನದ ಕಡತ

ಪ್ರೋಗ್ರಾಂಗಳು ಟನ್ ಡ್ರೈವರಿನ ಜೊತೆ ಮಾತಾಡುವುದು /ಡೆವ್/ನೆಟ್/ಟನ್ ಎಂಬ ಕಡತದ ಮೂಲಕ. "ಎಲ್‌ಎಸ್ -ಎಲ್" ಕೊಟ್ಟು ಅದನ್ನು ನೋಡಿದರೆ ಸಾಲಿನ ಮೊದಲ ಅಕ್ಷರ ಸಿ ಎಂದೂ ನಡುವೆ 10, 200 ಎಂಬ ಎರಡು ಸಂಖ್ಯೆಗಳೂ ಇರಬೇಕು. ಕಡತ ಕಂಡ ಮಾತ್ರಕ್ಕೆ ಡ್ರೈವರ್ ಇದೆ ಎನ್ನುವ ಹಾಗಿಲ್ಲ. ಡ್ರೈವರ್ ಸೇರುವ ಮೊದಲೇ ವ್ಯವಸ್ಥೆ ಆ ಕಡತವನ್ನು ಇಟ್ಟಿರುವುದುಂಟು. ಖಾತ್ರಿಯ ಪರೀಕ್ಷೆ ಇದು:

ಕ್ಯಾಟ್ /ಡೆವ್/ನೆಟ್/ಟನ್

ಇದರ ಉತ್ತರ ಹೊಸಬರನ್ನು ಗಾಬರಿಗೊಳಿಸುತ್ತದೆ. "ಫೈಲ್ ಡಿಸ್ಕ್ರಿಪ್ಟರ್ ಇನ್ ಬ್ಯಾಡ್ ಸ್ಟೇಟ್" ಎಂದು ಬಂದರೆ ಡ್ರೈವರ್ ಸಂಪೂರ್ಣ ಸರಿಯಾಗಿದೆ ಎಂದರ್ಥ. ಯಾವ ಇಂಟರ್‌ಫೇಸಿಗೂ ಜೋಡಿಸದೆ ಓದಲು ಹೋದದ್ದರಿಂದ ಡ್ರೈವರ್ ಹಾಗೆ ಉತ್ತರಿಸಿತು, ಅಂದರೆ ಉತ್ತರಿಸಲು ಅದು ಅಲ್ಲಿದೆ. "ನೋ ಸಚ್ ಡಿವೈಸ್" ಎಂದರೆ ಕಡತವಿದೆ, ಡ್ರೈವರ್ ಇಲ್ಲ. ಹಂತ 2ಕ್ಕೆ ಹಿಂದಿರುಗಿ. "ನೋ ಸಚ್ ಫೈಲ್" ಎಂದರೆ ಕಡತವೇ ಇಲ್ಲ. /ಡೆವ್/ನೆಟ್ ಕೋಶ ಮಾಡಿ, "ಸುಡೊ ಎಂಕೆನೋಡ್ /ಡೆವ್/ನೆಟ್/ಟನ್ ಸಿ 10 200" ಎಂದು ಕೊಟ್ಟರೆ ಸಿಗುತ್ತದೆ.

ಬಾಡಿಗೆಯ ಸರ್ವರ್ ಅಥವಾ ಕಂಟೇನರಿನ ಒಳಗೆ "ಆಪರೇಷನ್ ನಾಟ್ ಪರ್ಮಿಟೆಡ್" ಎಂದು ಬಂದರೆ ನೀವು ಒಳಗಿನಿಂದ ಏನು ಮಾಡಿದರೂ ಪ್ರಯೋಜನವಿಲ್ಲ. ಕಂಟೇನರ್ ಎಂದರೆ ಆತಿಥೇಯ ಯಂತ್ರದ ಕರ್ನಲ್ಲನ್ನೇ ಹಂಚಿಕೊಂಡು ಓಡುವ ಪ್ರತ್ಯೇಕ ಆವರಣ. ಟನ್ ಸಾಧನವನ್ನು ಆತಿಥೇಯರೇ ಒಳಗೆ ಕೊಡಬೇಕು. ಡಾಕರ್ ಎಂಬ ಕಂಟೇನರ್ ತಂತ್ರಾಂಶದಲ್ಲಿ ಆರಂಭಿಸುವಾಗಲೇ ಈ ಸಾಧನವನ್ನೂ "ನೆಟ್ ಅಡ್ಮಿನ್" ಎಂಬ ಅಧಿಕಾರವನ್ನೂ ಸೇರಿಸಬೇಕು. ಬಾಡಿಗೆಯ ಸರ್ವರಾದರೆ ಸೇವೆ ಕೊಡುವವರಿಗೆ ಬರೆದು ಕೇಳಿ.

ಹಂತ 4: ಅಧಿಕಾರ ಮತ್ತು ಹಿಡಿತ

"ಟನ್-ಸೆಟ್-ಐಎಫ್‌ಎಫ್" ಎಂಬ ಪದದೊಂದಿಗೆ ಬರುವ ದೋಷಗಳು ಎರಡು ಬಗೆಯವು. "ಆಪರೇಷನ್ ನಾಟ್ ಪರ್ಮಿಟೆಡ್" ಎಂದರೆ ಪ್ರೋಗ್ರಾಮನ್ನು ಸಾಕಷ್ಟು ಅಧಿಕಾರವಿಲ್ಲದೆ ಓಡಿಸಿದ್ದೀರಿ, ಸುಡೊ ಹಾಕಿ. "ಡಿವೈಸ್ ಆರ್ ರಿಸೋರ್ಸ್ ಬಿಝಿ" ಎಂದರೆ ಟನ್0 ಎಂಬ ಹೆಸರನ್ನು ಈಗಾಗಲೇ ಮತ್ತೊಂದು ಪ್ರೋಗ್ರಾಂ ಹಿಡಿದುಕೊಂಡಿದೆ. ಡೆಸ್ಕ್‌ಟಾಪಿನ ಮೂಲೆಯ ಪಟ್ಟಿಯಿಂದ ಒಮ್ಮೆ ವಿಪಿಎನ್ ಆನ್ ಮಾಡಿ, ಅದು ತಡವಾಯಿತೆಂದು ಟರ್ಮಿನಲ್‌ನಿಂದ ಮತ್ತೊಮ್ಮೆ ಆನ್ ಮಾಡಿದಾಗ ಹೀಗಾಗುತ್ತದೆ. "ಸುಡೊ ಎಲ್‌ಎಸ್‌ಒಎಫ್ /ಡೆವ್/ನೆಟ್/ಟನ್" ಎಂದರೆ ಹಿಡಿದವರ ಹೆಸರು ಸಿಗುತ್ತದೆ. ಒಂದನ್ನು ನಿಲ್ಲಿಸಿ.

ಹಂತ 5: ಇಂಟರ್‌ಫೇಸಿನ ಸ್ಥಿತಿ

"ಐಪಿ ಅಡ್ರ್ ಶೋ" ಆಜ್ಞೆ ಎಲ್ಲ ಇಂಟರ್‌ಫೇಸುಗಳನ್ನೂ ತೋರಿಸುತ್ತದೆ. ನಿಮ್ಮ ಟನ್0 (ಓಪನ್‌ವಿಪಿಎನ್) ಅಥವಾ ಡಬ್ಲ್ಯುಜಿ0 (ವೈರ್‌ಗಾರ್ಡ್) ಸಾಲಿನಲ್ಲಿ "ಸ್ಟೇಟ್ ಅನ್‌ನೋನ್" ಎಂದು ಇದ್ದರೆ ಹೆದರಬೇಡಿ. ವರ್ಚುವಲ್ ಕಾರ್ಡಿಗೆ ಕೇಬಲ್ ಇಲ್ಲವಾದ್ದರಿಂದ ಕೇಬಲಿನ ಸ್ಥಿತಿ ಗೊತ್ತಿಲ್ಲ ಎಂದು ಅದು ಹೇಳುತ್ತಿದೆ, ಅಷ್ಟೆ. ಅದೇ ಸಾಲಿನ ಆರಂಭದ ಆವರಣದೊಳಗೆ "ಅಪ್" ಎಂಬ ಪದ ಇರಬೇಕು ಮತ್ತು ಕೆಳಗೆ ಒಂದು ಐಪಿ ವಿಳಾಸ ಇರಬೇಕು. "ನೋ-ಕ್ಯಾರಿಯರ್" ಎಂದು ಇದ್ದರೆ ಮಾತ್ರ ವಿಷಯ ಬೇರೆ: ಇಂಟರ್‌ಫೇಸ್ ಉಳಿದಿದೆ, ಅದರ ಹಿಂದೆ ಕುಳಿತಿರಬೇಕಾದ ಪ್ರೋಗ್ರಾಂ ಸತ್ತಿದೆ. "ಸುಡೊ ಐಪಿ ಲಿಂಕ್ ಡಿಲೀಟ್ ಟನ್0" ಎಂದು ಅದನ್ನು ತೆಗೆದು ವಿಪಿಎನ್ ಸೇವೆಯನ್ನು ಮತ್ತೆ ಆರಂಭಿಸಿ.

ಇಂಟರ್‌ಫೇಸಿಗೆ ನೀವೇ ಹೆಸರಿಡುವುದಾದರೆ 15 ಅಕ್ಷರ ಮೀರಬಾರದು. ಶಾಲೆಯ ಪೂರ್ತಿ ಹೆಸರನ್ನೇ ವೈರ್‌ಗಾರ್ಡ್ ಕಡತಕ್ಕೆ ಇಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ಕಡತದ ಹೆಸರೇ ಇಂಟರ್‌ಫೇಸಿನ ಹೆಸರಾಗುತ್ತದೆ.

ಹಂತ 6: ದಾರಿ

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿದ್ದರೆ ಡ್ರೈವರಿನ ತಪ್ಪಿಲ್ಲ. ಪ್ಯಾಕೆಟ್ ಆ ಡ್ರೈವರಿನವರೆಗೆ ಬರುತ್ತಿದೆಯೇ ಎಂಬುದು ಈಗಿನ ಪ್ರಶ್ನೆ. ಕಚೇರಿಯ ಒಳಗಿನ ಸರ್ವರಿನ ವಿಳಾಸ 10.8.0.1 ಎಂದಿಟ್ಟುಕೊಳ್ಳೋಣ.

ಐಪಿ ರೂಟ್ ಗೆಟ್ 10.8.0.1

ಉತ್ತರದಲ್ಲಿ "ಡೆವ್" ಎಂಬ ಪದದ ಮುಂದೆ ಟನ್0 ಅಥವಾ ಡಬ್ಲ್ಯುಜಿ0 ಬರಬೇಕು. ಅಲ್ಲಿ ನಿಮ್ಮ ವೈಫೈ ಅಥವಾ ಈಥರ್‌ನೆಟ್ ಕಾರ್ಡಿನ ಹೆಸರು ಬಂದರೆ, ಪ್ಯಾಕೆಟ್ ಸುರಂಗಕ್ಕೆ ಹೋಗದೆ ನೇರ ಹೊರಗೆ ಹೋಗುತ್ತಿದೆ. ಇದಕ್ಕೆ ಬಹುಪಾಲು ಕಾರಣ ವಿಳಾಸಗಳ ಘರ್ಷಣೆ. ಮನೆಯ ರೌಟರ್‌ಗಳಲ್ಲಿ 192.168.1 ಎಂದು ಆರಂಭವಾಗುವ ವಿಳಾಸಗಳು ಸರ್ವೇಸಾಮಾನ್ಯ. ಕಚೇರಿಯ ಒಳಜಾಲವೂ ಅದೇ ಆಗಿದ್ದರೆ, ಕಚೇರಿಯ ಪ್ರಿಂಟರನ್ನು ಕರೆದಾಗ ಕಂಪ್ಯೂಟರ್ ಅದನ್ನು ಮನೆಯೊಳಗೇ ಹುಡುಕುತ್ತದೆ. ಎರಡರಲ್ಲಿ ಒಂದನ್ನು ಬದಲಿಸಲೇಬೇಕು. ಕಚೇರಿಯದನ್ನು ಮುಟ್ಟುವುದಕ್ಕಿಂತ ಮನೆಯ ರೌಟರಿನ ವಿಳಾಸವನ್ನು 192.168.73 ಎಂಬಂಥ, ಯಾರೂ ಬಳಸದ ಸಂಖ್ಯೆಗೆ ಬದಲಿಸುವುದು ಸುಲಭ.

ವೈರ್‌ಗಾರ್ಡ್ ಬಳಸುವವರು ಪಿಂಗ್ ಮಾಡಿದಾಗ, ಅಂದರೆ ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ಆ ಆಜ್ಞೆಯಿಂದ ನೋಡಿದಾಗ, "ರಿಕ್ವೈರ್ಡ್ ಕೀ ನಾಟ್ ಅವೈಲಬಲ್" ಎಂದು ಬಂದರೆ, ಅದು ಹಂತ 2ರಲ್ಲಿ ಕಂಡ ಸೆಕ್ಯೂರ್ ಬೂಟ್ ಸಂದೇಶವೇ ಎಂದು ತಿಳಿಯಬೇಡಿ. ಪದಗಳು ಒಂದೇ, ಕಾರಣ ಬೇರೆ. ಆ ವಿಳಾಸ ಯಾವ ಪಿಯರಿನ "ಅಲೋಡ್ ಐಪಿಸ್" ಪಟ್ಟಿಯಲ್ಲೂ ಇಲ್ಲ ಎಂದು ಇಲ್ಲಿ ಅದರ ಅರ್ಥ. ಪಿಯರ್ ಎಂದರೆ ಸುರಂಗದ ಆಚೆಯ ತುದಿಯ ಯಂತ್ರ. "ಡೆಸ್ಟಿನೇಷನ್ ಅಡ್ರೆಸ್ ರಿಕ್ವೈರ್ಡ್" ಎಂದು ಬಂದರೆ ಪಿಯರಿನ ಎಂಡ್‌ಪಾಯಿಂಟ್, ಅಂದರೆ ಅದರ ಹೊರವಿಳಾಸ, ಬರೆದಿಲ್ಲ.

ಹಂತ 7: ಪ್ಯಾಕೆಟ್ಟನ್ನು ಕಣ್ಣಾರೆ ನೋಡುವುದು

ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ಕಚೇರಿಯ ಒಳಗಿನ ಸರ್ವರಿಗೆ ಪಿಂಗ್ ಓಡುತ್ತಿರಲಿ. ಇನ್ನೊಂದರಲ್ಲಿ ಮೊದಲು ವರ್ಚುವಲ್ ಕಾರ್ಡನ್ನು ನೋಡಿ:

ಸುಡೊ ಟಿಸಿಪಿಡಂಪ್ -ಎನ್ -ಐ ಟನ್0

ಪ್ರತಿ ಸೆಕೆಂಡಿಗೆ ಒಂದೊಂದು "ಎಕೋ ರಿಕ್ವೆಸ್ಟ್" ಸಾಲು ಬರಬೇಕು. ಅದನ್ನು ನಿಲ್ಲಿಸಿ, ಅದೇ ಆಜ್ಞೆಯನ್ನು ಟನ್0 ಬದಲು ನಿಜವಾದ ಕಾರ್ಡಿನ ಹೆಸರು ಕೊಟ್ಟು, ಕೊನೆಗೆ "ಯುಡಿಪಿ ಪೋರ್ಟ್ 1194" ಎಂದು ಸೇರಿಸಿ ಓಡಿಸಿ. ಓಪನ್‌ವಿಪಿಎನ್ನಿನ ರೂಢಿಯ ಬಾಗಿಲು ಸಂಖ್ಯೆ 1194. ವೈರ್‌ಗಾರ್ಡಿಗೆ ಸಾಮಾನ್ಯವಾಗಿ 51820. ಈಗ ಕಂಡದ್ದನ್ನು ಹೀಗೆ ಓದಬೇಕು. ವರ್ಚುವಲ್ ಕಾರ್ಡಿನಲ್ಲಿ ಕಂಡು, ನಿಜವಾದ ಕಾರ್ಡಿನಲ್ಲಿ ಏನೂ ಕಾಣದಿದ್ದರೆ, ಪ್ಯಾಕೆಟ್ ನಿಮ್ಮ ಯಂತ್ರದೊಳಗೇ ಸತ್ತಿದೆ: ವಿಪಿಎನ್ ಪ್ರೋಗ್ರಾಂ ಕೆಲಸ ಮಾಡುತ್ತಿಲ್ಲ ಅಥವಾ ಫೈರ್‌ವಾಲ್, ಅಂದರೆ ಪ್ಯಾಕೆಟ್‌ಗಳನ್ನು ಸೋಸುವ ಕಾವಲು, ತಡೆದಿದೆ. ನಿಜವಾದ ಕಾರ್ಡಿನಿಂದ ಹೊರಗೆ ಹೋಗುವುದು ಮಾತ್ರ ಕಂಡು, ಒಳಗೆ ಬರುವುದು ಕಾಣದಿದ್ದರೆ, ನಿಮ್ಮ ಡ್ರೈವರ್ ನಿರಪರಾಧಿ. ಸರ್ವರ್ ಅಥವಾ ನಡುವಿನ ದಾರಿಯನ್ನು ವಿಚಾರಿಸಬೇಕು. ನಿಜವಾದ ಕಾರ್ಡಿಗೆ ಉತ್ತರ ಬಂದು ವರ್ಚುವಲ್ ಕಾರ್ಡಿಗೆ ತಲುಪದಿದ್ದರೆ ಕೀಲಿ, ಕಾಲ, ಪ್ರಮಾಣಪತ್ರ ಇವುಗಳಲ್ಲಿ ಒಂದು ಹೊಂದುತ್ತಿಲ್ಲ. ವರ್ಚುವಲ್ ಕಾರ್ಡಿಗೂ ಉತ್ತರ ಬಂದು ಪಿಂಗ್ ಮಾತ್ರ ಸೋಲುತ್ತಿದ್ದರೆ ಫೈರ್‌ವಾಲನ್ನೂ "ಆರ್‌ಪಿ ಫಿಲ್ಟರ್" ಎಂಬ ಕರ್ನಲ್ ಸೋಸುವಿಕೆಯನ್ನೂ ನೋಡಿ. ಹೋದ ದಾರಿಯಲ್ಲೇ ಮರಳಿ ಬಾರದ ಪ್ಯಾಕೆಟ್ಟನ್ನು ಅದು ಎಸೆಯುತ್ತದೆ. ಅದರ ಮೌಲ್ಯ 1 ಇದ್ದಲ್ಲಿ 2 ಮಾಡಿದರೆ ಸಡಿಲವಾಗುತ್ತದೆ.

ಇಷ್ಟು ಮಾಡಲು ಹತ್ತು ನಿಮಿಷ ಸಾಕು. ದೋಷ ನಿಮ್ಮದೋ ಆಚೆಯದೋ ಎಂಬ ವಾದಕ್ಕೆ ಇದರಿಂದ ತೆರೆ ಬೀಳುತ್ತದೆ. ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ.

ವೈರ್‌ಗಾರ್ಡಿನಲ್ಲಿ "ಸುಡೊ ಡಬ್ಲ್ಯುಜಿ ಶೋ" ಕೊಟ್ಟಾಗ "ಲೇಟೆಸ್ಟ್ ಹ್ಯಾಂಡ್‌ಶೇಕ್" ಸಾಲು ಕಾಣದಿದ್ದರೆ ಅಥವಾ "ರಿಸೀವ್ಡ್" ಎದುರು ಸೊನ್ನೆ ಇದ್ದರೆ ಆಚೆಯಿಂದ ಒಂದಕ್ಷರವೂ ಬಂದಿಲ್ಲ. ಸಂಪರ್ಕವಾಗಿ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸತ್ತು, ನೀವೇ ಪಿಂಗ್ ಮಾಡಿದಾಗ ಮತ್ತೆ ಜೀವ ಬರುತ್ತಿದ್ದರೆ, ನಡುವಿನ ರೌಟರ್ ನಿಮ್ಮ ಸಂಪರ್ಕವನ್ನು ಮರೆಯುತ್ತಿದೆ. "ಪರ್ಸಿಸ್ಟೆಂಟ್ ಕೀಪ್‌ಅಲೈವ್" ಎಂಬುದಕ್ಕೆ 25 ಎಂದು ಕೊಡಿ.

ಹಂತ 8: ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ

ಇದು ಎಂಟಿಯು ತೊಂದರೆಯ ಸ್ಪಷ್ಟ ಲಕ್ಷಣ. ಎಂಟಿಯು ಎಂದರೆ ಒಂದು ದಾರಿಯಲ್ಲಿ ತುಂಡು ಮಾಡದೆ ಸಾಗಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಪಿಂಗ್ ಚಿಕ್ಕದು, ಹಾಯಾಗಿ ಹೋಗುತ್ತದೆ. ವೆಬ್ ಪುಟ, ಹಾಜರಿ ಪಟ್ಟಿಯ ದೊಡ್ಡ ಕಡತ, ಇವು ಅರ್ಧಕ್ಕೆ ನಿಂತುಬಿಡುತ್ತವೆ.

ಈಥರ್‌ನೆಟ್ಟಿನ ಎಂಟಿಯು 1500. ಫೈಬರ್ ಸಂಪರ್ಕದಲ್ಲಿ ಬಳಕೆದಾರ ಹೆಸರು, ಗುಪ್ತಪದ ಹಾಕುವ ಪಿಪಿಪಿಒಇ ವಿಧಾನವಿದ್ದರೆ ಅದು 8 ಬೈಟ್ ತಿಂದು 1492 ಉಳಿಯುತ್ತದೆ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ 60, ಹೊಸದಾದ ಐಪಿವಿ6ರಲ್ಲಿ 80 ಬೈಟ್ ಬಳಸುತ್ತದೆ. ಅದಕ್ಕಾಗಿಯೇ ಅದರ ಎಂಟಿಯು ಸಾಮಾನ್ಯವಾಗಿ 1420 ಆಗಿರುತ್ತದೆ. ಈಗ ಲೆಕ್ಕ ನೋಡಿ: ಐಪಿವಿ4ರಲ್ಲಿ 1420ಕ್ಕೆ 60 ಸೇರಿ 1480, ಅದು 1492ರೊಳಗೆ ಹಿಡಿಸುತ್ತದೆ. ಐಪಿವಿ6ರಲ್ಲಿ 80 ಸೇರಿ 1500 ಆಗುತ್ತದೆ, ಹಿಡಿಸುವುದಿಲ್ಲ. ಪಿಪಿಪಿಒಇ ನಡೆಯುವುದು ರೌಟರಿನಲ್ಲಾದ್ದರಿಂದ ನಿಮ್ಮ ಕಂಪ್ಯೂಟರಿಗೆ ಅದರ ಸುಳಿವೇ ಇರುವುದಿಲ್ಲ. ಸರ್ವರಿಗೆ ಐಪಿವಿ6 ವಿಳಾಸ ಬಂದ ದಿನದಿಂದ ಕೆಲವರಿಗೆ ಮಾತ್ರ ತೊಂದರೆ ಶುರುವಾಗುವುದು ಇದರಿಂದಲೇ.

ನಿಮ್ಮ ದಾರಿಯ ನಿಜವಾದ ಗಾತ್ರವನ್ನು ಅಳೆಯಲು, ವಿಪಿಎನ್ ಆಫ್ ಮಾಡಿ, ಹೀಗೆ ಕೊಡಿ:

ಪಿಂಗ್ -ಎಂ ಡು -ಎಸ್ 1472 1.1.1.1

ಇದರಲ್ಲಿ ಎಂ ದೊಡ್ಡಕ್ಷರ, ಎಸ್ ಸಣ್ಣಕ್ಷರ. 1472ಕ್ಕೆ ಶಿರೋಭಾಗದ 28 ಬೈಟ್ ಸೇರಿ 1500 ಆಗುತ್ತದೆ. ಉತ್ತರ ಬಾರದಿದ್ದರೆ 1464 ಮಾಡಿ ನೋಡಿ, ಅದೂ ಬಾರದಿದ್ದರೆ ಹತ್ತು ಹತ್ತು ಇಳಿಸುತ್ತ ಹೋಗಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿ, ಅದರಿಂದ 80 ಕಳೆಯಿರಿ. ಬಂದದ್ದನ್ನು ವೈರ್‌ಗಾರ್ಡ್ ಕಡತದಲ್ಲಿ ಎಂಟಿಯು ಎಂದು ಬರೆಯಿರಿ. ಪಿಪಿಪಿಒಇ ಇರುವಲ್ಲಿ ಅದು 1412 ಆಗುತ್ತದೆ. ಫೈಬರ್ ಕಡಿದಾಗ ಮೊಬೈಲಿನ ಹಾಟ್‌ಸ್ಪಾಟಿನಿಂದ ಕೆಲಸ ಮಾಡುವವರು ಆ ಸಂಪರ್ಕದಲ್ಲೂ ಒಮ್ಮೆ ಅಳೆದು, ಎರಡರಲ್ಲಿ ಚಿಕ್ಕದನ್ನು ಇಟ್ಟುಕೊಳ್ಳುವುದು ಕ್ಷೇಮ. ಅಂದಾಜಿನಲ್ಲಿ 1200 ಹಾಕಿಬಿಡುವವರಿದ್ದಾರೆ. ನಡೆಯುವುದು ನಿಜ, ಆದರೆ ವೇಗ ವೃಥಾ ಕಡಿಮೆಯಾಗುತ್ತದೆ.

ಸಂಖ್ಯೆಯ ವಿಳಾಸಕ್ಕೆ ಎಲ್ಲವೂ ಹೋಗಿ, ಹೆಸರಿನಿಂದ ಮಾತ್ರ ಹೋಗದಿದ್ದರೆ ಅದು ಡಿಎನ್‌ಎಸ್ ತೊಂದರೆ, ಅಂದರೆ ಹೆಸರನ್ನು ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆಯದು. "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ನೋಡಿದರೆ ವಿಪಿಎನ್ ಇಂಟರ್‌ಫೇಸಿಗೆ ಕಚೇರಿಯ ಡಿಎನ್‌ಎಸ್ ಸರ್ವರ್ ಸೇರಿದೆಯೇ ಎಂದು ತಿಳಿಯುತ್ತದೆ.

ಲಿನಕ್ಸ್ ಅಲ್ಲದ ವ್ಯವಸ್ಥೆಗಳಲ್ಲಿ

ಫ್ರೀಬಿಎಸ್‌ಡಿ ಬಳಸುವವರಿಗೆ ಕ್ರಮ ಇದೇ, ಆಜ್ಞೆಗಳು ಬೇರೆ. ಮಾಡ್ಯೂಲ್ ಪಟ್ಟಿಗೆ "ಕೆಎಲ್‌ಡಿಸ್ಟಾಟ್", ಸೇರಿಸಲು "ಕೆಎಲ್‌ಡಿಲೋಡ್". ಅದರ 13.0 ಆವೃತ್ತಿಯಿಂದ ಟನ್ ಮತ್ತು ಟ್ಯಾಪ್ ಎರಡೂ ಸೇರಿ "ಐಎಫ್_ಟನ್‌ಟ್ಯಾಪ್" ಎಂಬ ಒಂದೇ ಡ್ರೈವರ್ ಆಗಿವೆ; ಹಳೆಯ ಹೆಸರುಗಳನ್ನು ಹೇಳುವ ಬರಹಗಳನ್ನು ಹಾಗೆಯೇ ಅನುಸರಿಸಬೇಡಿ. ಮ್ಯಾಕ್‌ನಲ್ಲಿ "ಯುಟನ್" ಎಂಬ ಇಂಟರ್‌ಫೇಸ್ ವ್ಯವಸ್ಥೆಯೊಳಗೇ ಇದೆ, ಹೊರಗಿನ ಡ್ರೈವರ್ ಹಾಕುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಬೇರೆಯವರ ನೆರವು ಕೇಳುವಾಗ

ಎಂಟೂ ಹಂತ ದಾಟಿಯೂ ದೋಷ ಉಳಿದಿದ್ದರೆ, ಯುನೇಮ್ ಉತ್ತರ, ಡಿಕೆಎಂಎಸ್ ಸ್ಟೇಟಸ್, ಐಪಿ ಅಡ್ರ್, ಐಪಿ ರೂಟ್, ಜರ್ನಲ್ಲಿನ ಮೊದಲ ದೋಷದ ಸಾಲು, ಹಂತ 7ರಲ್ಲಿ ಎರಡೂ ಕಾರ್ಡುಗಳಲ್ಲಿ ಕಂಡದ್ದು, ಇಷ್ಟನ್ನು ಒಂದೇ ಕಡತದಲ್ಲಿ ಸೇರಿಸಿ ಕಳುಹಿಸಿ. ಪರದೆಯ ಫೋಟೊ ಬೇಡ, ಪಠ್ಯವೇ ಇರಲಿ. "ಡಬ್ಲ್ಯುಜಿ ಶೋ" ಆಜ್ಞೆಯ ಉತ್ತರದಲ್ಲಿ ಖಾಸಗಿ ಕೀಲಿ ಮರೆಯಾಗಿರುತ್ತದೆ, ಅದನ್ನು ಕಳುಹಿಸಬಹುದು. "ಡಬ್ಲ್ಯುಜಿ ಶೋಕಾನ್ಫ್" ಉತ್ತರದಲ್ಲಿ ಮತ್ತು /ಇಟಿಸಿ/ವೈರ್‌ಗಾರ್ಡ್ ಕೋಶದ ಕಡತದಲ್ಲಿ ಅದು ಬಯಲಾಗಿಯೇ ಇರುತ್ತದೆ. ಹಾಗೆಯೇ ಓಪನ್‌ವಿಪಿಎನ್ನಿನ ಕಡತದಲ್ಲಿ ಕೀಲಿಯ ಭಾಗ ಒಳಗೇ ಸೇರಿರುವುದುಂಟು. ಆ ಸಾಲುಗಳನ್ನು ಅಳಿಸಿಯೇ ಕಳುಹಿಸಿ. ಅಳಿಸದೆ ಈಗಾಗಲೇ ಯಾವುದಾದರೂ ಗುಂಪಿಗೆ ಹಾಕಿದ್ದರೆ, ಸಂದೇಶವನ್ನು ತೆಗೆದರೆ ಸಾಲದು. ಹೊಸ ಕೀಲಿ ಮಾಡಿಸಿಕೊಂಡು ಹಳೆಯದನ್ನು ಸರ್ವರಿನಲ್ಲಿ ರದ್ದುಪಡಿಸಲು ಕಚೇರಿಯವರಿಗೆ ಅಂದೇ ಹೇಳಿ.